ರೇಷ್ಮೆ ಪಂಚೆಯಲ್ಲಿ ಸಿಕ್ಕ ರಿಪೋರ್ಟು

ರೀ,

ಇಸ್ತ್ರಿ ಮಾಡಲು ನಿಮ್ಮ ರೇಷ್ಮೆ ಪಂಚೆ ಬಿಡಿಸಿದಾಗ ನೀವು ಬಚ್ಚಿಟ್ಟ ರಕ್ತದ ರಿಪೋರ್ಟು ಸಿಕ್ಕಿತು. ಕೊಪ್ಪದ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ನಿಮಗೆ ಗಂಡಸಿನ ಹಾರ್ಮೋನು ತೀರಾ ಕಡಿಮೆಯಂತೆ. ಮಕ್ಕಳಾಗದ್ದೂ ಅದಕ್ಕೇ ಇರಬೇಕಂತೆ. ಅಂಥವರಿಗೆ ಸಕ್ಕರೆ ಕಾಯಿಲೆ ಬರುವುದೂ ಹೆಚ್ಚಂತೆ.

ಹದಿನೆಂಟು ವರ್ಷ ನಿಮ್ಮಮ್ಮ ನನ್ನಿಂದ ನಾಗರಕಲ್ಲು ಸುತ್ತಿಸಿದರು. ನೀವು ನೋಡುತ್ತ ನಿಂತಿರಿ.

ಗಂಜಿ ಒಲೆಯ ಮೇಲಿದೆ. ಬೆಲ್ಲದ ಡಬ್ಬಿ ಹುಡುಕಬೇಡಿ, ಅಡಗಿಸಿದ್ದೇನೆ. ನೀವು ಬೇಗ ಸಾಯಬಾರದು, ನಾಚಿಕೆಪಡುತ್ತ ಬಹಳ ವರ್ಷ ಬದುಕಬೇಕು.

ನಿಮ್ಮ ತಮ್ಮನ ಹೆಂಡತಿಯ ಸೀಮಂತಕ್ಕೆ ಬಂಜೆ ಬರಬಾರದು ಎಂದಿದ್ದರಲ್ಲ ನಿಮ್ಮಮ್ಮ? ಸೀಮಂತ ನಡೆಯುವ ಬಸರೀಕಟ್ಟೆಗೇ ಹೊರಟಿದ್ದೇನೆ. ರಿಪೋರ್ಟು ಚೀಲದಲ್ಲಿದೆ, ಎಲ್ಲರೆದುರು ಗಟ್ಟಿಯಾಗಿ ಓದುತ್ತೇನೆ.

ಪಂಚೆಗೆ ಇಸ್ತ್ರಿ ಆಗಿದೆ. ಉಟ್ಟುಕೊಂಡು ಬನ್ನಿ.

ನಾಗವೇಣಿ