ಹತ್ತು ಮೆಟ್ಟಿಲಿಗೊಮ್ಮೆ

ತಾರೀಕು ೯, ಮಂಗಳವಾರ

ಪ್ರೀತಿಯ ಅಕ್ಕಾ,

ಇದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದು ಮುಗಿಸಿದ್ದೆ.

ನಿಮ್ಮ ತಂಗಿ, ನಮ್ಮ ಗುಬ್ಬಿಯ ನೆನಪಿನ ಸಭೆಯಲ್ಲಿ ಓದಲು, ಏಳು ತಿಂಗಳ ತಿರುಗಾಟ ನಮಗೇನು ಕಲಿಸಿತೆಂದು ಒಂದು ಪುಟ ಬರೆದುಕೊಂಡು ಬಾ ಅಂದಿದ್ದಿರಿ. ಬರೆದೆ. ಚೆನ್ನಾಗಿಯೇ ಬಂದಿದೆ. ಅವಸರ ಬಿಟ್ಟು ಕೂತು ನೋಡುವುದನ್ನು ಗುಬ್ಬಿ ನನಗೆ ಕಲಿಸಿದಳು ಎಂದಿದೆ ಅದರಲ್ಲಿ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಶಾಲೆಯಲ್ಲಿ ವೇಳಾಪಟ್ಟಿ ಹಾಕುವವಳು ನಾನು. ಡ್ರಾಯಿಂಗ್ ಟೀಚರ್ ಎಂದು ಅವಳಿಗೆ ಯಾವಾಗಲೂ ಕೊನೆಯ ಪೀರಿಯಡ್ಡೇ ಕೊಡುತ್ತಿದ್ದೆ. ಅದಕ್ಕೇ ನನ್ನನ್ನು ‘ಟೈಮ್‌ಟೇಬಲ್’ ಅನ್ನುತ್ತಿದ್ದಳು. ಪ್ರಯಾಣದಲ್ಲೂ ನಾನು ಮುಂದೆ, ಅವಳು ಹಿಂದೆ. ಐದನೇ ತಿಂಗಳಿಂದ ಹತ್ತು ಮೆಟ್ಟಿಲಿಗೊಮ್ಮೆ ಕೂರತೊಡಗಿದಳು. ‘ಲೇ ಟೈಮ್‌ಟೇಬಲ್, ಬೆಟ್ಟ ಏನು ಓಡಿಹೋಗುತ್ತಾ? ಬಾ, ಕೂತ್ಕೊಂಡು ನೋಡು.’ ಮುಂದೆ ಹೋದವಳು ಗೊಣಗುತ್ತಾ ಇಳಿದು ಬಂದು ಕೂರುತ್ತಿದ್ದೆ. ಒಣಹಾಕಿದ ಬಟ್ಟೆ, ಕಿಟಕಿಯಲ್ಲಿ ಗಡ್ಡ ಹೆರೆದುಕೊಳ್ಳುವ ಮುದುಕ, ಸವೆದ ಕಲ್ಲಿನ ಅಂಚು. ನಲವತ್ತಾರು ವರ್ಷಕ್ಕೆ ಮೊದಲ ಸಲ ಕಣ್ಣು ಬಿಟ್ಟ ಹಾಗಿತ್ತು.

ಅವಳು ಕೂರುತ್ತಿದ್ದುದು ನೋಡಲಿಕ್ಕಲ್ಲ ಅಕ್ಕಾ, ಉಸಿರಿಗಾಗಿ.

ಹೃದಯ ಸೋತಿದೆ, ಎರಡು ವಾರ ಮುಂಚೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರ್ ಅಂದಾಗ, ನನಗೇನೂ ಗೊತ್ತೇ ಆಗಲಿಲ್ಲ ಎಂದು ನಿಮ್ಮೆದುರು ಅತ್ತೆ. ಗೊತ್ತಾಗಿತ್ತು. ಹಿಂತಿರುಗುವ ಹದಿನಾರು ದಿನ ಮೊದಲು, ಬಾಡಿಗೆ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ಅವಳ ತುಟಿ ನೀಲಿಗಟ್ಟಿತ್ತು. ‘ವಾಪಸ್ ಹೋಗೋಣ್ವೇನೇ?’ ಅಂದಳು. ಕೇಳಿದ್ದು ಅದೊಂದೇ ಸಲ. ನಾನು ಪಟ್ಟಿ ತೆಗೆದು, ‘ಇನ್ನೆರಡೇ ಊರು ಕಣೇ’ ಅಂದೆ. ‘ಆಯ್ತಮ್ಮಾ, ಬೆಲ್ ಹೊಡೆಯೋವರೆಗೂ ಏಳಲ್ಲ’ ಎಂದು ನಕ್ಕಳು.

ಅವಳ ನಗು ನೋಡಿ ಏನಿಲ್ಲವೆಂದುಕೊಂಡೆನೇ? ಏನೋ ಇದೆಯೆಂದು ತಿಳಿದೂ ಆ ಎರಡು ಊರು ಬೇಕೆನಿಸಿತೇ? ದಿನಾ ಕೇಳಿಕೊಳ್ಳುತ್ತೇನೆ, ಉತ್ತರ ಗೊತ್ತಿಲ್ಲದವಳ ಹಾಗೆ.

‘ಕೊನೆಗಾಲದಲ್ಲಿ ನಿನ್ನಿಂದ ಸುಖವಾಗಿದ್ದಳು’ ಎಂದು ನೀವು ನನ್ನ ಕೈ ಹಿಡಿದುಕೊಂಡಿರಿ. ಅಂದಿನಿಂದ ಆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿಲ್ಲ.

ನಿಮ್ಮ,
ಟೈಮ್‌ಟೇಬಲ್

ತಾ.ಕ.: ನನ್ನ ಚೀಲದಲ್ಲೇ ಉಳಿದಿದ್ದ ಅವಳ ಡ್ರಾಯಿಂಗ್ ಪುಸ್ತಕವನ್ನು ನಿನ್ನೆ ತೆರೆದೆ. ಜೊತೆಗಿಟ್ಟಿದ್ದೇನೆ. ಮೆಟ್ಟಿಲ ಮೇಲೆ ಕೂತು ಬರೆದ ಚಿತ್ರಗಳಲ್ಲಿ ಬೆಟ್ಟವೂ ಇಲ್ಲ, ಊರೂ ಇಲ್ಲ. ಎಲ್ಲದರಲ್ಲೂ ಮುಂದೆ ಹತ್ತಿಹೋಗುತ್ತಿರುವ ನನ್ನ ಬೆನ್ನು. ಸಭೆ ಹದಿನೈದಕ್ಕೆ. ಇದನ್ನು ಹದಿನಾರಕ್ಕೆ ಅಂಚೆಗೆ ಹಾಕೋಣವೆಂದಿದ್ದೆ. ಆದರೆ ಆ ಪುಟವನ್ನು ನಾನು ಓದಬಹುದೋ ಬೇಡವೋ ನೀವು ಹೇಳಬೇಕು. ನಾಳೆಯೇ ಹಾಕುತ್ತೇನೆ, ಹತ್ತನೇ ತಾರೀಕು.