ಕಾಫಿ ಮಷೀನಿನ ತೊಗರಿಬೇಳೆ

ಶಾಲಾ ಜಿಲ್ಲೆಯ ವರಿಷ್ಠಾಧಿಕಾರಿಗಳೇ,

ಎಂಟನೇ ತರಗತಿಯ ಒಬ್ಬ ಹುಡುಗಿಯ ಹಸಿವಿಗೆ ನೀವು ಶಾಲಾ ಬರಹ ಸ್ಪರ್ಧೆಯ ಕಥಾ ವಿಭಾಗದಲ್ಲಿ ಮೊದಲ ಬಹುಮಾನ ಕೊಟ್ಟಿದ್ದೀರಿ. ಅವಳು ಕಥೆ ಬರೆದಿರಲಿಲ್ಲ. ನಿಜ ಬರಹದ ವಿಭಾಗಕ್ಕೆಂದು ನಾಲ್ಕು ಪುಟ ತನ್ನ ಬದುಕನ್ನೇ ಬರೆದು ಕೊಟ್ಟಿದ್ದಳು. ಇದನ್ನು ತಿಳಿಸಿ ಇಂಗ್ಲಿಷಿನಲ್ಲಿ ಮೂರು ಪತ್ರ ಕಳಿಸಿದೆ. ತಲುಪಿದೆ ಎಂಬ ಉತ್ತರ ಮೂರು ಸಲ ಬಂತು. ಸಾಕಾಗಿ ಹೋಗಿ ಈಗ ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಗೆ ಬರೆಯುತ್ತಿದ್ದೇನೆ. ನಿಮಗೆ ಅರ್ಥವಾಗದಿದ್ದರೂ, ನಿಮ್ಮ ಶಾಲೆಗಳ ಹೆಸರು ಕೇಳಿಯೇ ಇಲ್ಲಿ ಮನೆ ಕೊಂಡ ನಮ್ಮವರಿಗಾದರೂ ಅರ್ಥವಾದೀತು.

ನಮ್ಮೂರಿನ ಲಾಸ್ ಕೊಲಿನಾಸ್ ಬಡಾವಣೆಯ ಗಾಜಿನ ಕಚೇರಿಗಳಿಂದ ಹತ್ತು ನಿಮಿಷ ಡ್ರೈವ್ ಮಾಡಿದರೆ ಹೆದ್ದಾರಿ ಪಕ್ಕ ಬಾಡಿಗೆ ಕೋಣೆಗಳ ಒಂದು ಮೋಟೆಲ್ ಇದೆ. ಅದರ ಒಂದೇ ಕೋಣೆಯಲ್ಲಿ ಆ ಹುಡುಗಿ, ಅವಳ ತಾಯಿ, ಇಬ್ಬರು ತಂಗಿಯರು ಏಳು ತಿಂಗಳಿಂದ ಇದ್ದಾರೆ. ಒಲೆಯಿಲ್ಲ. ಯಾರೋ ಆಂಟಿ ಕೊಟ್ಟ ತೊಗರಿಬೇಳೆಯನ್ನು ಕಾಫಿ ಮಷೀನಿನ ಬಿಸಿನೀರಿನಲ್ಲಿ ನೆನೆಸಿ ಎರಡು ದಿನ ತಿಂದರಂತೆ. 'ಬೇಯಲಿಲ್ಲ, ಆದರೂ ತಂಗಿಯರು ಅಳಲಿಲ್ಲ' ಎಂದು ಬರೆದಿದ್ದಾಳೆ. ನಿಮ್ಮ ತೀರ್ಪುಗಾರರು ಇದನ್ನು ಅಪೂರ್ವ ಕಲ್ಪನೆ ಎಂದು ಮೆಚ್ಚಿ ವಿಭಾಗವನ್ನೇ ಬದಲಿಸಿದರು. ಫೋನ್ ಮಾಡಿದಾಗ ನಿಮ್ಮ ಕಚೇರಿಯವರು, ನಮ್ಮ ದಾಖಲೆಯಲ್ಲಿ ಪ್ರತಿ ಮಗುವಿಗೂ ವಿಳಾಸವಿದೆ, ಮನೆಯಿಲ್ಲದವರು ಯಾರೂ ಇಲ್ಲ ಎಂದರು. ಮೋಟೆಲಿಗೂ ವಿಳಾಸ ಇರುತ್ತದಲ್ಲವೇ, ಮಾನ್ಯರೇ?

ಆ ಆಂಟಿ ನಾನೇ. ಹುಡುಗಿ ನನ್ನ ಮಗಳು ಸಾನ್ವಿಯ ಗೆಳತಿ. ಒಂದು ಶನಿವಾರ ಆಡಲು ಬಂದಿದ್ದ ಅವಳನ್ನು ಕರೆದೊಯ್ಯಲು ಅವಳ ತಾಯಿ ನಮ್ಮ ಮನೆಗೆ ಬಂದರು. ನಮ್ಮತ್ತೆ ಸುಮಿತ್ರವ್ವ ಧಾರವಾಡದವರು. "ಮೊದಲ್ನೇ ಸಲ ಮನಿಗೆ ಬಂದ ಹೆಣ್ಮಗಳನ್ನ ಬರೇ ಕೈಲೆ ಕಳಸಬಾರದವಾ, ಉಡಿ ತುಂಬು" ಅಂದರು. ಅಕ್ಕಿ, ತೊಗರಿಬೇಳೆ, ಬೆಲ್ಲ, ಒಣಕೊಬ್ಬರಿ ಹಾಕಿ ಸಂಭ್ರಮದಿಂದ ಉಡಿ ತುಂಬಿದೆ. ಮನೆಯಲ್ಲಿ ಒಲೆ ಇದೆಯೇ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅವರು ಹೋದ ಮೇಲೆ ಸಾನ್ವಿ, "ಅಮ್ಮಾ, ದೇ ಡೋಂಟ್ ಹ್ಯಾವ್ ಎ ಸ್ಟವ್" ಅಂದಳು. ಅಡುಗೆಮನೆಯಲ್ಲಿ ನಿಂತಿದ್ದ ನನಗೆ ನಾಚಿಕೆಯಾಯಿತು. ಆಮೇಲಾದರೂ ಬೇಯಿಸಿದ್ದನ್ನು ಒಯ್ದು ಕೊಡಬಹುದಿತ್ತು. ಅವರಿಗೆ ಮುಜುಗರವಾದೀತು ಅಂದುಕೊಂಡು ಸುಮ್ಮನಾದೆ. ನನ್ನ ತಪ್ಪು ನಾನು ಒಪ್ಪಿಕೊಂಡಿದ್ದೇನೆ, ನಿಮ್ಮದು ಇನ್ನೂ ಬಾಕಿ ಇದೆ.

ವಿಭಾಗ ಬದಲಾದರೆ ಏನಾಯಿತು ಎನ್ನಬೇಡಿ. ಅದನ್ನು ನಿಜವೆಂದು ಓದಿದ್ದರೆ, ಮನೆಯಿಲ್ಲದ ಮಕ್ಕಳಿಗಿರುವ ನಿಯಮದಂತೆ ಮೋಟೆಲಿಗೆ ಶಾಲಾ ಬಸ್ಸು ಕಳಿಸಬೇಕಿತ್ತು, ರಜೆಯ ಎರಡು ದಿನಕ್ಕಾಗುವ ಶುಕ್ರವಾರದ ಊಟದ ಚೀಲ ಕೊಡಬೇಕಿತ್ತು. ಕಥೆಯಾದ್ದರಿಂದ ಚಪ್ಪಾಳೆಯಲ್ಲೇ ಮುಗಿಯಿತು. ಸಮಾರಂಭದ ಮರುದಿನವೂ ಅವಳು ಹೆದ್ದಾರಿಯ ಅಂಚಿನಲ್ಲಿ ಎರಡು ಮೈಲಿ ನಡೆದೇ ಶಾಲೆಗೆ ಬಂದಳು.

ಬಹುಮಾನ ವಾಪಸ್ಸು ತೆಗೆದುಕೊಳ್ಳಿ. ಆ ನಾಲ್ಕು ಪುಟಗಳನ್ನು ಅರ್ಜಿಯೆಂದು ಇನ್ನೊಮ್ಮೆ ಓದಿ, ಸೋಮವಾರ ಬಸ್ಸು ಕಳಿಸಿ. ಪ್ರಶಸ್ತಿಪತ್ರ ಕೈಗೆ ಬಂದ ದಿನ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ್ದು ಇಷ್ಟೇ: "ಅವರು ಓದಿದ್ದಾರಲ್ವಾ ಆಂಟಿ, ಇನ್ನು ಬಸ್ ಬರುತ್ತಾ?"

ಇಂತಿ,
ನೀವು ಕಲ್ಪನೆ ಎಂದು ಮೆಚ್ಚಿಕೊಂಡ
ತೊಗರಿಬೇಳೆ ಆಂಟಿ