ನಮ್ಮ ಪಾರ್ಟಿ ಯಾರು?

ಭಾನುವಾರ, ಮಧ್ಯಾಹ್ನ

ಅಕ್ಕಾ,

‘ಪ್ರೀತಿಯ’ ಎಂದು ಬರೆಯಲು ಹೋಗಿ ಕೈ ಬರಲಿಲ್ಲ, ಬಿಟ್ಟುಬಿಟ್ಟೆ. ಚೆನ್ನಾಗಿದ್ದೀಯಾ ಅಂತಲೂ ಕೇಳುವುದಿಲ್ಲ. ಅಮ್ಮ ನಿನ್ನ ಮನೆಯಲ್ಲಿ ಇರುವವರೆಗೆ ನಿನಗೇನು ಧಾಡಿ? ಬೆಳಿಗ್ಗೆ ಬಿಸಿ ತಿಂಡಿ, ಮಕ್ಕಳಿಗೆ ಡಬ್ಬಿ, ಸಂಜೆ ಬರುವ ಹೊತ್ತಿಗೆ ಮಡಚಿಟ್ಟ ಬಟ್ಟೆ.

ಮನೆ ಕೊಳ್ಳುತ್ತೇನೆ ಎಂದು ನಾನು ಮೊದಲು ಬಾಯಿ ಬಿಟ್ಟಿದ್ದು ನಿನ್ನ ಹತ್ತಿರವೇ. ಚಿಕ್ಕದಾದರೂ ಪರವಾಗಿಲ್ಲ, ನೆಲಮಹಡಿಯಲ್ಲಿರಬೇಕು ಎಂದಿದ್ದೆ. ಅಮ್ಮನ ಮಂಡಿ ಮೆಟ್ಟಿಲು ಹತ್ತಲು ಬಿಡುವುದಿಲ್ಲ, ನನ್ನ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿದೆ. ಆ ಒಂದೇ ಕಾರಣಕ್ಕೆ ಅವಳು ನನ್ನ ಜೊತೆ ಇಲ್ಲ. ನಾಲ್ಕು ಬ್ರೋಕರುಗಳನ್ನು ವಿಚಾರಿಸಿ ಒಬ್ಬರನ್ನು ಆರಿಸುತ್ತೇನೆ ಎಂದಾಗ ಅಡ್ಡ ಬಂದವಳು ನೀನು. ಗುರುತು ಪರಿಚಯ ಇಲ್ಲದವರ ಕೈಲಿ ಟೋಪಿ ಹಾಕಿಸ್ಕೋಬೇಡ, ನಿಮ್ಮ ಭಾವನ ಸ್ನೇಹಿತ ಇದಾನೆ, ನಮ್ಮವನು ಅಂದೆ. ಆ ‘ನಮ್ಮವನು’ ಎಂಬ ಮಾತಿಗೆ ಮರುಳಾದೆ. ಹೊಲಿಗೆಗೆ ಬಟ್ಟೆ ತರುವಾಗ ನೂಲು ಎಳೆದು ನೋಡುವ ನಾನು, ಬ್ರೋಕರನನ್ನು ಒಂದು ಪ್ರಶ್ನೆಯೂ ಕೇಳದೆ ಒಪ್ಪಿಕೊಂಡೆ.

ಮನೆಯೊಳಗೂ ಕಪ್ಪು ಕನ್ನಡಕ ತೆಗೆಯದ ಆ ಮಹಾಶಯನಿಗೆ ಕೂಲಿಂಗ್ ಗ್ಲಾಸ್ ಅಂತ ಹೆಸರಿಟ್ಟಿದ್ದೆ. ಅಬ್ಬಬ್ಬಾ, ಎಂಥೆಂಥ ಮನೆ ತೋರಿಸಿದ! ಒಂದು ಮೂರನೇ ಮಹಡಿ, ಇನ್ನೊಂದಕ್ಕೆ ಸುರುಳಿ ಮೆಟ್ಟಿಲು, ಮತ್ತೊಂದರಲ್ಲಿ ಲಿಫ್ಟ್ ಇತ್ತು, ಅದರ ಬಾಗಿಲಿಗೆ ಹಗ್ಗ ಕಟ್ಟಿದ್ದರು. ಕೆಳಗಿನ ಮನೆ ಎಲ್ಲಪ್ಪಾ ಅಂದರೆ, ಗಾಳಿ ಬೆಳಕು ಬೇಕಂದ್ರೆ ಮೇಲೇ ಹೋಗ್ಬೇಕು ಮೇಡಂ ಅನ್ನುತ್ತಿದ್ದ. ಪಾಪ, ಅಲೆದು ಸುಸ್ತಾಗಿದ್ದಾನೆ ಎಂದು ನಾನೇ ಟೀ ಬೇರೆ ಕುಡಿಸಿದೆ.

ಕಳೆದ ತಿಂಗಳು ಸುರುಳಿ ಮೆಟ್ಟಿಲಿನ ಮನೆಗೇ ಮತ್ತೆ ಕರೆದುಕೊಂಡು ಹೋದ. ನಾನು ಕೋಣೆ ನೋಡುತ್ತಿದ್ದಾಗ ಬಾಲ್ಕನಿಯಲ್ಲಿ ನಿಂತು ತನ್ನ ಜೊತೆಗಾರನಿಗೆ ಫೋನಿನಲ್ಲಿ ಹೇಳುತ್ತಿದ್ದ: ನಮ್ಮ ಪಾರ್ಟಿ ಹೇಳಿದ ಹಾಗೇ ಮಾಡ್ತಿದೀನಿ, ಕೆಳಗಡೆ ಮನೆ ಒಂದೂ ತೋರಿಸಿಲ್ಲ, ಈಯಮ್ಮ ಸಾಕಾಗಿ ತಾನೇ ಕೈ ಬಿಡ್ತಾಳೆ. ಬ್ರೋಕರುಗಳು ಯಾರ ಕೆಲಸ ಹಿಡಿದಿರುತ್ತಾರೋ ಅವರನ್ನು ‘ನಮ್ಮ ಪಾರ್ಟಿ’ ಅನ್ನುತ್ತಾರೆ. ಅದುವರೆಗೆ ಆ ಪಾರ್ಟಿ ನಾನೇ ಅಂದುಕೊಂಡಿದ್ದೆ. ನಿಮ್ಮ ಪಾರ್ಟಿ ಯಾರ್ರೀ ಎಂದು ಎದುರಿಗೇ ಹೋಗಿ ನಿಂತು ಕೇಳಿದೆ. ಕನ್ನಡಕ ತೆಗೆದು ಒರೆಸುತ್ತಾ, ನಿಮ್ಮ ಅಕ್ಕಾನೇ ಮೇಡಂ, ನಿಮ್ಮನಿಮ್ಮ ಜಗಳಕ್ಕೆ ನನ್ನನ್ನ ಎಳೀಬೇಡಿ ಅಂದ.

ಮೈಯೆಲ್ಲ ಉರಿದುಹೋಯಿತು ಕಣೆ. ಬೇಡ ಎಂದು ಮುಖಕ್ಕೆ ಹೇಳಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಪ್ರತಿ ವಾರ ಫೋನ್ ಮಾಡಿ, ಮನೆ ಸಿಕ್ತಾ ಪುಟ್ಟಿ ಅಂತ ಕೇಳುತ್ತಿದ್ದೆಯಲ್ಲ, ನಾಚಿಕೆಯಾಗಲಿಲ್ಲವೇ? ಅಡುಗೆಗೆ ಜನ ಬೇಕಿದ್ದರೆ ಸಂಬಳ ಕೊಟ್ಟು ಇಟ್ಟುಕೋ. ಅಮ್ಮನಿಗೇ ಬರೋಕೆ ಇಷ್ಟವಿಲ್ಲ, ಮೊಮ್ಮಕ್ಕಳನ್ನ ಬಿಟ್ಟು ಒಂದು ದಿನಾನೂ ಇರಲ್ಲ ಎಂದು ನೆಂಟರ ಮುಂದೆಲ್ಲ ಡಂಗುರ ಸಾರಿದೆ. ಅವಳ ಬಾಯಿಂದ ಆ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಈಗ ಬೇರೆ ಬ್ರೋಕರಮ್ಮನನ್ನು ಹಿಡಿದಿದ್ದೇನೆ. ನಮ್ಮವಳಲ್ಲ, ಯಾರ ಸ್ನೇಹಿತೆಯೂ ಅಲ್ಲ. ನಿಮ್ಮ ಪಾರ್ಟಿ ಯಾರು ಎಂದು ಮೊದಲೇ ಕೇಳಿದೆ. ಕಮಿಷನ್ ಕೊಡೋರು ನೀವು, ನೀವೇ ನಮ್ಮ ಪಾರ್ಟಿ ಅಂದಳು. ಇದನ್ನ ಮೊದಲನೇ ಬ್ರೋಕರಿಗೆ ಕೇಳೋಕೇನಾಗಿತ್ತು ಎಂದು ನನ್ನನ್ನೇ ಗದರಿದಳು. ಮನೆ ಸಿಕ್ಕಿದೆ, ಪತ್ರಗಳನ್ನು ವಕೀಲರು ನೋಡಿ ಒಪ್ಪಿದ್ದಾರೆ, ನೋಂದಣಿಯೂ ಮುಗಿಯಿತು. ಎರಡು ಕೋಣೆ, ಕಿರಿದಾದ ಅಡುಗೆಮನೆ, ಬೀದಿಯಿಂದ ನೇರ ಒಳಗೆ ಕಾಲಿಡಬಹುದು. ಮುಂದಿನ ಭಾನುವಾರ ಅಮ್ಮನನ್ನು ಕರೆದೊಯ್ಯಲು ಬರುತ್ತೇನೆ. ಬಾಗಿಲಲ್ಲಿ ಅಳುತ್ತಾ ನಿಲ್ಲಬೇಡ, ಭಾವನನ್ನು ಮುಂದೆ ಬಿಡಲೂಬೇಡ.

ಇಷ್ಟಾದರೂ ನಿನ್ನ ತಂಗಿ,
ಪುಟ್ಟಿ

ವಿ.ಸೂ.: ಬ್ರೋಕರಮ್ಮನನ್ನು ನಾನು ಹಿಡಿದೆ ಎಂದು ಬರೆದದ್ದು ಸುಳ್ಳು. ಅಮ್ಮನನ್ನು ನೀನು ಬೈಯಬಾರದೆಂದು ಮುಚ್ಚಿಟ್ಟಿದ್ದೆ, ಆದರೆ ನಿನಗೆ ಗೊತ್ತಾಗಲಿ. ಅವಳನ್ನು ಹುಡುಕಿದ್ದು ಅಮ್ಮ. ನೀವೆಲ್ಲ ಹೊರಗೆ ಹೋದ ಮೇಲೆ ನಿನ್ನ ಅಡುಗೆಮನೆಯಲ್ಲೇ ಕೂತು ಫೋನ್ ಮಾಡಿದ್ದಾಳೆ. ಎಂಥ ಮನೆ ಬೇಕಮ್ಮಾ ಎಂದು ಬ್ರೋಕರಮ್ಮ ಕೇಳಿದ್ದಕ್ಕೆ, ಎಂಥದಾದರೂ ಸರಿ, ಬೇಗ ಸಿಗಲಿ ಅಂದಳಂತೆ.